ಅಳುವ ಮಗುವಿನ ಕೈಗೆ ಮೊಬೈಲ್ ಕೊಡುವ ಮುನ್ನ

ಕಳೆದ ದಸರಾ ರಜೆಯಲ್ಲಿ ಒಂದು ದಿನದ ಮಟ್ಟಿಗೆ ಮನೆಮಂದಿಯೊಡನೆ ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ತರೀಕೆರೆಯಿಂದ ಹೊರಟು ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯ ವೀರಭದ್ರನಿಗೆ ಕೈಮುಗಿದು ಮೇಲೆ ಹತ್ತಿದರೆ ಅಲ್ಲಿನ ಗಾಳಿಯೇ ಬೇರೆ. ಸಮುದ್ರ ಮಟ್ಟದಿಂದ 1434 ಮೀಟರ್ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣವಾಗಿದ್ದ ಜಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಕೊಟ್ಟ ಬೆಟ್ಟ. ಈಗ ಅಲ್ಲಿರುವುದು ತೋಟಗಾರಿಕೆ ಇಲಾಖೆಯ ಹೂತೋಟ ಮತ್ತು ಹೇಳದೆ ಕೇಳದೆ ಬಂದು ಹೋಗುವ ಮಂಜು. ಮೊಬೈಲ್ ಸಿಗ್ನಲ್ ಕೂಡ ಅಂದು ಮಂಜಿನಂತೆಯೇ ಬಂದು ಹೋಗುತ್ತಿತ್ತು.

ಹುಲ್ಲುಹಾಸಿನ ಮೇಲೆ ನಮ್ಮ ಪಕ್ಕದಲ್ಲಿ ಇನ್ನೊಂದು ಕುಟುಂಬ ಬುತ್ತಿ ಬಿಚ್ಚಿ ಕುಳಿತಿತ್ತು. ಅಜ್ಜಿ, ತಂದೆ, ತಾಯಿ, ಸುಮಾರು ನಾಲ್ಕು ವರ್ಷದ ಗಂಡು ಮಗು. ಮಗುವಿನ ಕೈಯಲ್ಲಿ ಮೊಬೈಲ್, ತಾಯಿಯ ಕೈಯಲ್ಲಿ ಚಿತ್ರಾನ್ನದ ತುತ್ತು. ಕಣ್ಣು ಕದಲಿಸದೆ ಮಗು ಬಾಯಿ ತೆರೆಯುತ್ತಿತ್ತು. ತಾನು ಏನು ತಿನ್ನುತ್ತಿದ್ದೇನೆಂಬುದು ಅದಕ್ಕೆ ಗೊತ್ತಿದ್ದಂತಿರಲಿಲ್ಲ. ಇದ್ದಕ್ಕಿದ್ದಂತೆ ವಿಡಿಯೊ ನಿಂತಿತು. ಮೊದಲು ಕಿರುಚಾಟ, ಆಮೇಲೆ ನೆಲದಲ್ಲಿ ಹೊರಳಾಟ, ಎತ್ತಿಕೊಳ್ಳಲು ಹೋದ ತಾಯಿಯ ಕೆನ್ನೆಗೆ ಏಟು. ತಂದೆ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾ ತೋಟವನ್ನೆಲ್ಲ ಸುತ್ತಿದರು. ಜನ ತಿರುಗಿ ನೋಡುತ್ತಿದ್ದರು. ತಾಯಿ ತಲೆ ತಗ್ಗಿಸಿ ಕುಳಿತುಬಿಟ್ಟರು.

ಕೊನೆಗೆ ಅಜ್ಜಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಬೆನ್ನು ಸವರುತ್ತಾ ಕುಳಿತರು. ಅಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂತು. 'ನೋಡೋ ಪುಟ್ಟ, ಮೋಡ ನಿನ್ನ ಮೂಗು ಮುಟ್ಟೋಕೆ ಬಂದೈತೆ' ಎಂದರು. ಮಗು ಬಿಕ್ಕುತ್ತಲೇ ಕೈ ಚಾಚಿತು. ನಾನು ಗಡಿಯಾರ ನೋಡಿದ್ದೆ, ವೈದ್ಯರ ಕೆಟ್ಟ ಅಭ್ಯಾಸ. ಒಟ್ಟು ಇಪ್ಪತ್ತೆರಡು ನಿಮಿಷದ ಅಳು. ಆ ನಂತರ ಆ ಮಗು ತಾನೇ ಕೈಯಾರೆ ನಾಲ್ಕು ತುತ್ತು ತಿಂದಿತು.

ದೀಪಾವಳಿ ಕಳೆದ ಮೇಲೆ ಅದೇ ಕುಟುಂಬ ನನ್ನ ಕ್ಲಿನಿಕ್ಕಿಗೆ ಬಂತು. ಅವರು ನಮ್ಮ ಸೀಮೆಯ ಅಡಿಕೆ ಬೆಳೆಗಾರರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮಗು ಊಟ ಮಾಡುವುದಿಲ್ಲ, ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಸಿಟ್ಟು ಬಂದರೆ ಹೊಡೆಯುತ್ತದೆ, ಎಲ್.ಕೆ.ಜಿ.ಯಲ್ಲಿ ಯಾರೊಡನೆಯೂ ಬೆರೆಯುವುದಿಲ್ಲ ಎಂಬ ದೂರುಗಳ ಪಟ್ಟಿ ತಂದೆಯದು. ತಾಯಿ ಹೇಳಿದ್ದು ಒಂದೇ ಮಾತು: 'ಅವನು ನನ್ನ ಮುಖಾನೇ ನೋಡಲ್ಲ ಡಾಕ್ಟ್ರೇ. ಮೊಬೈಲ್ ಕೊಡು ಅನ್ನೋವಾಗ ಮಾತ್ರ ನೋಡ್ತಾನೆ.'

ಪರೀಕ್ಷಿಸಿದೆ. ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಮಾತು ವಯಸ್ಸಿಗೆ ತಕ್ಕಷ್ಟಿತ್ತು, ತೂಕ ಮಾತ್ರ ಸ್ವಲ್ಪ ಕಡಿಮೆ. ಹಸಿವಿಗೆ ಟಾನಿಕ್ ಬರೆದುಕೊಡಿ ಎಂದು ತಂದೆ ಕೇಳಿದರು. ಬರೆಯಲಿಲ್ಲ. ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತಾನೆ ಎಂದು ಕೇಳಿದೆ. 'ಒಂದು, ಹೆಚ್ಚೆಂದರೆ ಎರಡು ಗಂಟೆ' ಎಂದರು. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ದಿನದ ಬಳಕೆಯ ಲೆಕ್ಕ ಇರುತ್ತದೆ. ತೆಗೆದು ನೋಡಿದಾಗ ಕಾರ್ಟೂನು, ಹಾಡುಗಳೇ ನಾಲ್ಕು ಗಂಟೆ ದಾಟಿದ್ದವು. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ನಿಮ್ಮ ಮೊಬೈಲಿನ ಲೆಕ್ಕ ತೆಗೆದರೂ ನಾವು ಬೆಚ್ಚಿಬೀಳುತ್ತೇವೆ.

ಎಷ್ಟು ಹೊತ್ತು? ಯಾವ ಹೊತ್ತು?

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಸಲಹೆ ನೀಡಿತು. ಒಂದು ವರ್ಷದವರೆಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2021ರ ಮಾರ್ಗಸೂಚಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಎರಡು ವರ್ಷದವರೆಗೆ ಬೇಡ, ದೂರದ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಆಗಬಹುದು. ಐದರವರೆಗೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ. ಟಿ.ವಿ., ಮೊಬೈಲ್, ಟ್ಯಾಬ್ ಎಲ್ಲವೂ ಸೇರಿದ ಲೆಕ್ಕ ಇದು.

ಆದರೆ ಇಷ್ಟು ವರ್ಷಗಳ ಅನುಭವದಲ್ಲಿ ನನಗೆ ಗಂಟೆಗಳ ಲೆಕ್ಕಕ್ಕಿಂತ ಮುಖ್ಯವೆನಿಸಿರುವುದು ಇನ್ನೊಂದು ಪ್ರಶ್ನೆ. ಮಗುವಿನ ಕೈಗೆ ಮೊಬೈಲ್ ಹೋಗುವುದು ಯಾವ ಹೊತ್ತಿನಲ್ಲಿ? ಆ ತಾಯಿ ಬೆರಳು ಮಡಚಿ ಎಣಿಸಿದರು. ಊಟಕ್ಕೆ ಕೂತಾಗ. ಅತ್ತಾಗ. ಬೇಜಾರು ಎಂದಾಗ. ಮಲಗುವಾಗ. ಮತ್ತೆ, ಅಡಿಕೆ ಸುಲಿಯುವಾಗ ಮತ್ತು ಬೇಯಿಸುವಾಗ.

ಕೊನೆಯದಕ್ಕೆ ನನ್ನ ಆಕ್ಷೇಪವಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಮಧ್ಯರಾತ್ರಿಯವರೆಗೆ ಕೆಲಸ ನಡೆಯುತ್ತದೆ. ಅಂಗಳದಲ್ಲಿ ಹಂಡೆ ಕುದಿಯುತ್ತಿರುತ್ತದೆ, ಕತ್ತಿಗಳು ಹರಡಿರುತ್ತವೆ. ಸುಟ್ಟ ಗಾಯದ ಮಕ್ಕಳಿಗೆ ಚಿಕಿತ್ಸೆ ಮಾಡಿದ ನಾನು, ಆ ಹೊತ್ತಿನಲ್ಲಿ ಮಗುವನ್ನು ಒಳಗೆ ಕೂರಿಸಿ ಅರ್ಧ ಗಂಟೆ ಕಾರ್ಟೂನು ಹಚ್ಚಿಕೊಟ್ಟ ತಾಯಿಯನ್ನು ತಪ್ಪಿತಸ್ಥೆ ಎನ್ನಲಾರೆ. ತೊಂದರೆ ಇರುವುದು ಉಳಿದ ಸಮಯಗಳಲ್ಲಿ, ಅದರಲ್ಲೂ 'ಅತ್ತಾಗ' ಎಂಬುದರಲ್ಲಿ.

ಮುಖ ನೋಡಿ ಕಲಿಯುವ ಪಾಠ

ಮಗು ಹುಟ್ಟಿದ ಆರರಿಂದ ಎಂಟು ವಾರಗಳಲ್ಲಿ ನಿಮ್ಮ ಮುಖ ನೋಡಿ ನಗಲು ತೊಡಗುತ್ತದೆ. ವರ್ಷ ತುಂಬುವ ಹೊತ್ತಿಗೆ ಇನ್ನೊಂದು ವಿದ್ಯೆ ಕಲಿಯುತ್ತದೆ. ಹೊಸದೇನಾದರೂ ಎದುರಾದಾಗ, ಹೆದರಬೇಕೋ ಬೇಡವೋ ಎಂದು ತಿಳಿಯಲು ತಾಯಿಯ ಮುಖ ನೋಡುತ್ತದೆ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳವನ್ನು ಮೊದಲ ಸಲ ಕಂಡ ಮಗುವನ್ನು ಗಮನಿಸಿ. ಅದು ತಕ್ಷಣ ಅಮ್ಮನ ಕಡೆ ತಿರುಗುತ್ತದೆ. ಅಮ್ಮ ಚೀರಿದರೆ ಅದೂ ಚೀರುತ್ತದೆ. ಅಮ್ಮ ಸುಣ್ಣ ಮುಟ್ಟಿಸಿ ಕಿತ್ತೆಸೆದರೆ ಅದು ಸುಮ್ಮನೆ ನೋಡುತ್ತದೆ. ಭಯ, ಧೈರ್ಯ, ಕರುಣೆ, ನಾಚಿಕೆ ಎಲ್ಲವೂ ಹೀಗೆ ಮುಖದಿಂದ ಮುಖಕ್ಕೆ ದಾಟುವಂಥವು.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಹಸುಗೂಸಿನೊಡನೆ ನಗುತ್ತಾ ಆಡುತ್ತಿರುವ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕೂರಬೇಕು, ಅಷ್ಟೆ. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ತಾಯಿಯನ್ನು ಮರಳಿ ಪಡೆಯಲು ತನಗೆ ಗೊತ್ತಿರುವುದೆಲ್ಲವನ್ನೂ ಮಾಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿ ಅಳುತ್ತದೆ. ಟ್ರಾನಿಕ್ ಅವರ ಕಾಲದಲ್ಲಿ ಮೊಬೈಲ್ ಇರಲಿಲ್ಲ. ಆದರೆ ಮೊಬೈಲ್ ನೋಡುತ್ತಿರುವ ನಮ್ಮ ಮುಖವನ್ನು ಒಮ್ಮೆ ಕನ್ನಡಿಯಲ್ಲಿ ಕಂಡರೆ, ಆ ಪ್ರಯೋಗದ ತಾಯಿಯ ನೆನಪಾಗದೆ ಇರದು.

ಇಲ್ಲಿ ನನ್ನ ಮನೆಯ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಒಂದು ರಾತ್ರಿ ಶಾಲೆಯಲ್ಲಿ ನಡೆದ ಜಗಳವೊಂದನ್ನು ಹೇಳುತ್ತಿದ್ದಳು. ನಾನು ಮೊಬೈಲ್ ನೋಡುತ್ತಾ 'ಹೂಂ' ಎನ್ನುತ್ತಿದ್ದೆ. ನಡುವೆ ಅವಳು ಸುಮ್ಮನಾದಳು. ನಾನು ಮತ್ತೂ ಎರಡು ಸಲ 'ಹೂಂ' ಎಂದೆನಂತೆ. 'ನಾನು ಮಾತು ನಿಲ್ಲಿಸಿ ಎಷ್ಟೋ ಹೊತ್ತಾಯ್ತು' ಎಂದಳು. ರೋಗಿಗಳಿಗೆ ಬುದ್ಧಿ ಹೇಳುವ ನನಗೆ ಅಂದು ಆದ ನಾಚಿಕೆ ಅಷ್ಟಿಷ್ಟಲ್ಲ.

2014ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ವಿಭಾಗದವರು ಪ್ರಕಟಿಸಿದ ಒಂದು ಅಧ್ಯಯನ ಕೆಮ್ಮಣ್ಣುಗುಂಡಿಯ ಆ ಮಧ್ಯಾಹ್ನ ನನಗೆ ನೆನಪಾಗಿತ್ತು. ಆರನೆಯ ತರಗತಿಯ 51 ಮಕ್ಕಳನ್ನು ಐದು ದಿನ ಟಿ.ವಿ., ಮೊಬೈಲ್ ಏನೂ ಇಲ್ಲದ ನಿಸರ್ಗ ಶಿಬಿರಕ್ಕೆ ಕಳುಹಿಸಲಾಯಿತು. ಅದೇ ಶಾಲೆಯ 54 ಮಕ್ಕಳು ಎಂದಿನಂತೆ ಇದ್ದರು. ಮುಖದ ಚಿತ್ರ, ಮಾತಿಲ್ಲದ ದೃಶ್ಯ ತೋರಿಸಿ, ಈ ವ್ಯಕ್ತಿಗೆ ಏನನಿಸುತ್ತಿದೆ ಎಂದು ಮೊದಲೂ ಆಮೇಲೂ ಕೇಳಲಾಯಿತು. ಶಿಬಿರದಿಂದ ಬಂದ ಮಕ್ಕಳು ಇತರರಿಗಿಂತ ಹೆಚ್ಚು ಸುಧಾರಿಸಿದ್ದರು. ಐದೇ ದಿನ! ಚಿಕ್ಕ ಅಧ್ಯಯನ ನಿಜ. ಸುಧಾರಣೆಗೆ ಕಾರಣ ಪರದೆ ಇಲ್ಲದ್ದೋ ಗೆಳೆಯರೊಡನೆ ಕಾಡು ಸುತ್ತಿದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ನನಗಂತೂ ಎರಡೂ ಒಂದೇ ಔಷಧದ ಎರಡು ಹೆಸರುಗಳಂತೆ ಕಾಣುತ್ತವೆ.

ಅಳುವನ್ನು ನುಂಗುವ ಯಂತ್ರ

ಒಂದೂವರೆಯಿಂದ ನಾಲ್ಕು ವರ್ಷದವರೆಗೆ ಹಟ, ಹೊರಳಾಟ ಸಹಜ. ಸಿಟ್ಟನ್ನು ಹಿಡಿದು ನಿಲ್ಲಿಸುವ ಮೆದುಳಿನ ಮುಂಭಾಗ ಆಗ ಇನ್ನೂ ಎಳೆಯದು. ಸಿಟ್ಟು ಏರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಇಳಿಯುತ್ತದೆ. ಹಿರಿಯರೊಬ್ಬರು ಹತ್ತಿರವಿದ್ದು ಈ ಏರಿಳಿತವನ್ನು ನೂರಾರು ಸಲ ದಾಟಿಸಿದರೆ, ಸಿಟ್ಟು ಇಳಿಯುವಂಥದ್ದು ಎಂಬುದು ಮಗುವಿಗೆ ತಿಳಿಯುತ್ತದೆ. ಮೊಬೈಲ್ ಕೊಟ್ಟಾಗ ಅಳು ಒಂದೇ ಕ್ಷಣದಲ್ಲಿ ನಿಲ್ಲುತ್ತದೆ. ಆದರೆ ಅಲ್ಲಿ ಸಿಟ್ಟು ಇಳಿದಿರುವುದಿಲ್ಲ, ಮಗುವಿನ ಗಮನ ಬೇರೆಡೆ ಹೋಗಿರುತ್ತದೆ. ಪಾಠ ಅರ್ಧಕ್ಕೇ ನಿಂತಿತು. ಜೊತೆಗೆ, ಜೋರಾಗಿ ಅತ್ತರೆ ಮೊಬೈಲ್ ಸಿಗುತ್ತದೆ ಎಂಬ ಇನ್ನೊಂದು ಪಾಠ ಪೂರ್ತಿಯಾಯಿತು.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಮಕ್ಕಳ 422 ಪಾಲಕರನ್ನು ಆರು ತಿಂಗಳ ಕಾಲ ಗಮನಿಸಿ 2022ರ ಕೊನೆಯಲ್ಲಿ ವರದಿ ಪ್ರಕಟಿಸಿದರು. ಮಗುವನ್ನು ಸಮಾಧಾನಪಡಿಸಲು ಪದೇಪದೇ ಮೊಬೈಲ್ ಕೊಟ್ಟ ಮನೆಗಳಲ್ಲಿ, ತಿಂಗಳುಗಳ ನಂತರ ಮಕ್ಕಳ ಸಿಟ್ಟು ಸಿಡಿಮಿಡಿ ಹೆಚ್ಚಿದ್ದು ಕಂಡುಬಂತು. ಗಂಡು ಮಕ್ಕಳಲ್ಲಿ ಮತ್ತು ಹುಟ್ಟಾ ಚಟುವಟಿಕೆಯ ಮಕ್ಕಳಲ್ಲಿ ಇದು ಎದ್ದುಕಾಣುವಷ್ಟಿತ್ತು. ಇದು ಎರಡು ಬದಿಯ ದಾರಿ ಎಂಬುದನ್ನು ಮರೆಯಬಾರದು. ಸಿಡುಕಿನ ಮಗುವಿಗೆ ಮೊಬೈಲ್ ಹೆಚ್ಚು ಸಿಗುತ್ತದೆ, ಮೊಬೈಲ್ ಸಿಕ್ಕಂತೆ ಸಿಡುಕು ಹೆಚ್ಚುತ್ತದೆ. ಆದ್ದರಿಂದ 'ನೀನೇ ಹಾಳು ಮಾಡಿದೆ' ಎಂದು ಗಂಡ ಹೆಂಡತಿಯನ್ನೂ, ಅತ್ತೆ ಸೊಸೆಯನ್ನೂ ದೂರುವುದರಲ್ಲಿ ಅರ್ಥವಿಲ್ಲ. ನನ್ನ ಕ್ಲಿನಿಕ್ಕಿನಲ್ಲಿ ಈ ದೂರು ಪ್ರತಿವಾರ ಕೇಳುತ್ತೇನೆ. ದೂರು ಕೇಳಬೇಕಾದವರು ಯಾವಾಗಲೂ ತಾಯಂದಿರೇ.

ಮೊಬೈಲನ್ನು ಮಕ್ಕಳ ಕೈಗಿಟ್ಟವರು ನಾವೆಲ್ಲರೂ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಚಿಕ್ಕ ತರಗತಿಗಳ ಆನ್‌ಲೈನ್ ಪಾಠ ಬೇಡವೆಂದು ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶಕ್ಕೆ ಜುಲೈನಲ್ಲಿ ಹೈಕೋರ್ಟ್ ತಡೆ ನೀಡಿತು. ಪಾಠ ಮೊಬೈಲಿನಲ್ಲೇ ನಡೆಯಿತು. ಆಗ ನಮ್ಮ ಮಲೆನಾಡಿನ ಮಕ್ಕಳು ಕೊಡೆ ಹಿಡಿದು, ಪುಸ್ತಕ ಹೊತ್ತು, ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಆ ಮಕ್ಕಳಿಗೆ ಮೊಬೈಲ್ ಶಾಲೆಯಾಗಿತ್ತು. ಶಾಲೆ ಮತ್ತೆ ತೆರೆದ ಮೇಲೂ ಮೊಬೈಲ್ ಅನೇಕ ಮನೆಗಳಲ್ಲಿ ಮಕ್ಕಳ ಕೈಯಲ್ಲೇ ಉಳಿಯಿತು.

ನಾವೂ ಟಿ.ವಿ. ನೋಡಿ ಬೆಳೆದವರಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೌದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗ ಇಡೀ ಕೇರಿ ಒಂದೇ ಮನೆಯಲ್ಲಿ ಕಿಕ್ಕಿರಿಯುತ್ತಿತ್ತು. ಧಾರಾವಾಹಿ ವಾರಕ್ಕೊಮ್ಮೆ ಬಂದು ಮುಗಿಯುತ್ತಿತ್ತು. ಆಮೇಲೆ ಬಿಲ್ಲು ಬಾಣ ಮಾಡಿಕೊಂಡು ಬೀದಿಯಲ್ಲಿ ಆರು ದಿನ ನಮ್ಮದೇ ರಾಮಾಯಣ. ಈಗಿನದು ಮುಗಿಯುವುದೇ ಇಲ್ಲ. ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಬರುತ್ತದೆ, ಅದನ್ನು ಮಗು ಒಂಟಿಯಾಗಿ ನೋಡುತ್ತದೆ.

ಆ ಮನೆಯಲ್ಲಿ ಮಾಡಿದ್ದೇನು?

ಮೊಬೈಲನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಹೇಳಿದರೆ ಯಾರೂ ಪಾಲಿಸುವುದಿಲ್ಲ, ಮುಂದಿನ ಸಲ ನನ್ನಲ್ಲಿಗೆ ಬರುವುದೂ ಇಲ್ಲ. ಹೊತ್ತನ್ನು ಬದಲಿಸಿದೆವು. ಸಂಜೆ ಕೈಕಾಲು ತೊಳೆದ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು ಅರ್ಧ ಗಂಟೆ, ಅಡಿಕೆ ಬೇಯಿಸುವ ದಿನ ಇನ್ನೊಂದು ಅರ್ಧ ಗಂಟೆ. ಊಟದಲ್ಲಿ ಇಲ್ಲ, ಮಲಗುವ ಒಂದು ಗಂಟೆ ಮೊದಲಿಂದ ಇಲ್ಲ, ಅತ್ತಾಗ ಖಂಡಿತ ಇಲ್ಲ. ತಾನಾಗಿ ಮುಂದಿನ ವಿಡಿಯೊ ಬರುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದರು. ನೋಡುತ್ತಿರುವಾಗ ಕಸಿದುಕೊಳ್ಳದೆ, 'ಈ ಕಥೆ ಮುಗಿದ ಮೇಲೆ ಸಾಕು' ಎಂದು ಮೊದಲೇ ಹೇಳಿ, ಮುಗಿದಾಗ ಮಗುವಿನ ಕೈಯಿಂದಲೇ ಆರಿಸಿದರು. ಮೊಬೈಲನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ ಎಂದೆ. ಹಾಗೆ ಮಾಡಿದರೆ ಅದರ ಬೆಲೆ ಇನ್ನೂ ಏರುತ್ತದೆ.

ಮೊದಲ ವಾರ ಅಳು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂದೂ ಎಚ್ಚರಿಸಿದ್ದೆ. ಇದು ತುಂಬಾ ಮುಖ್ಯ. ಕೇಳಿದ್ದು ಸಿಗದಾಗ ಮಗು ಇನ್ನೂ ಜೋರಾಗಿ ಕೇಳಿ ನೋಡುತ್ತದೆ. ನಾಲ್ಕನೆಯ ದಿನ ತಾಳಲಾರದೆ ಕೊಟ್ಟುಬಿಟ್ಟರೆ, ನಾಲ್ಕು ದಿನ ಅಳಬೇಕು ಎಂದು ಕಲಿಯುತ್ತದೆ. ಆ ಮನೆಯಲ್ಲೂ ಐದನೆಯ ರಾತ್ರಿ ತಂದೆ ಸೋತರು. ಇಡೀ ದಿನ ಕೊಯ್ಲಿನವರ ಹಿಂದೆ ತಿರುಗಿ ದಣಿದಿದ್ದರು, ಮಗು ಕಿರುಚುತ್ತಿತ್ತು, ಕೊಟ್ಟುಬಿಟ್ಟರು. ಮರುದಿನ ನನಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡರು. ಮತ್ತೆ ಮೊದಲಿನಿಂದ ಶುರು.

ಅತ್ತಾಗ ಏನು ಮಾಡಬೇಕು? ಆ ಅಜ್ಜಿ ಬೆಟ್ಟದ ಮೇಲೆ ಮಾಡಿದ್ದನ್ನೇ. ಹತ್ತಿರ ಕೂರಿ. ತನಗೋ ಇತರರಿಗೋ ಪೆಟ್ಟಾಗದಂತೆ ನೋಡಿಕೊಳ್ಳಿ, ಹೊಡೆಯುವ ಕೈಯನ್ನು ಮೆತ್ತಗೆ ಹಿಡಿಯಿರಿ. ಆ ಹೊತ್ತಿನಲ್ಲಿ ಉಪದೇಶ ಬೇಡ, ಕಿವಿಗೆ ಹೋಗುವುದಿಲ್ಲ. 'ಸಿಟ್ಟು ಬಂತಾ? ಬೇಕಾಗಿದ್ದು ಸಿಗಲಿಲ್ಲ ಅಂತ ಬೇಜಾರಾಯ್ತಾ?' ಎಂದು ಅದಕ್ಕೆ ಆಗುತ್ತಿರುವುದಕ್ಕೆ ಹೆಸರಿಡಿ. ಸಿಟ್ಟು, ಬೇಜಾರು, ಹೆದರಿಕೆ, ಹೊಟ್ಟೆಕಿಚ್ಚು ಎಂಬ ಮಾತುಗಳು ಬಾಯಿಗೆ ಬಂದಂತೆ ಕೈ ಮಾಡುವುದು ಕಡಿಮೆಯಾಗುತ್ತದೆ. ನಾಲ್ಕು ಜನರ ಎದುರು ಮಗು ಅತ್ತರೆ ಮಾನ ಹೋಯಿತೆಂದು ಭಾವಿಸಬೇಡಿ. ನೋಡುತ್ತಿರುವವರ ಮಕ್ಕಳೂ ಮನೆಯಲ್ಲಿ ಹೀಗೆಯೇ ಅಳುತ್ತವೆ.

ಬೇಜಾರು ಎಂದು ಮಗು ಹೇಳಿದರೆ ಗಾಬರಿಪಡಬೇಡಿ. ಸ್ವಲ್ಪ ಹೊತ್ತು ಬೇಜಾರಿನಲ್ಲಿರಲಿ, ತಾನೇ ಏನನ್ನೋ ಹುಡುಕಿಕೊಳ್ಳುತ್ತದೆ. ಆ ಹುಡುಗ ಅಡಿಕೆ ಸಿಪ್ಪೆಯ ರಾಶಿಯಲ್ಲಿ ರಸ್ತೆ ಮಾಡಿ ಲಾರಿ ಓಡಿಸಲು ಕಲಿತ. ಹುಣಸೆಬೀಜ, ಹರಳುಗಳಂಥವನ್ನು ಚಿಕ್ಕವರ ಕೈಗೆ ಬಿಟ್ಟು ಹೋಗಬೇಡಿ. ಮೂಗಿನಿಂದ ಅವನ್ನು ತೆಗೆಯುವ ಕೆಲಸ ನಮಗೆ ಬೀಳುತ್ತದೆ. ಬಯಲಿನ ಆಟ ಕಣ್ಣಿಗೂ ಒಳ್ಳೆಯದು. ಹೊರಗೆ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಎಂಬುದು ಈಗ ಚೆನ್ನಾಗಿ ಸಿದ್ಧವಾಗಿದೆ.

ಮತ್ತು ಹಿರಿಯರು? ಊಟದ ಹೊತ್ತಿಗೆ ಆ ಮನೆಯ ಮೂರೂ ಮೊಬೈಲ್‌ಗಳು ಈಗ ದೇವರ ಗೂಡಿನ ಪಕ್ಕದ ಕಪಾಟಿಗೆ ಹೋಗುತ್ತವೆ. ತಂದೆಗೇ ಇದು ಹೆಚ್ಚು ಕಷ್ಟವಾಯಿತಂತೆ.

ಯಾವಾಗ ವೈದ್ಯರನ್ನು ಕಾಣಬೇಕು?

ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಹೇಳದ ಮಗು, ಆಡುತ್ತಿದ್ದ ಮಾತನ್ನು ಕಳೆದುಕೊಂಡ ಮಗು, ಇವರನ್ನು 'ಎಲ್ಲಾ ಮೊಬೈಲಿನಿಂದ' ಎಂದು ಹೇಳಿ ಮನೆಯಲ್ಲಿರಿಸಿಕೊಳ್ಳಬೇಡಿ. ಕಿವುಡುತನವಿರಬಹುದು, ಆಟಿಸಂ ಇರಬಹುದು. ಬೇಗ ಪತ್ತೆಯಾದಷ್ಟೂ ಪ್ರಯೋಜನ. ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೂ ತೋರಿಸಬಹುದು.

ದೊಡ್ಡ ಮಕ್ಕಳಲ್ಲಿ ಊಟ, ನಿದ್ರೆ, ಶಾಲೆ, ಗೆಳೆಯರನ್ನು ಬಿಟ್ಟು ಆಟಕ್ಕೇ ಅಂಟಿಕೊಳ್ಳುವುದು ತಿಂಗಳುಗಟ್ಟಲೆ ನಡೆದರೆ ಅದು ಬೈದು ಸರಿಪಡಿಸುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದೆ. 2022ರಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ 2014ರಲ್ಲಿ ಆರಂಭವಾಯಿತು. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಉಚಿತವಾಗಿ, ಕನ್ನಡದಲ್ಲೇ, ಮಾತನಾಡಬಹುದು.

ಸಂಕ್ರಾಂತಿಯ ನಂತರ ಆ ತಾಯಿ ಮಗುವಿಗೆ ನೆಗಡಿ ಎಂದು ಬಂದಿದ್ದರು. ಹುಡುಗ ನನ್ನ ಮೇಜಿನ ಕೆಳಗೆ ನುಸುಳಿ ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಮಾಡುತ್ತಿದ್ದ. ತೂಕ ಮುಕ್ಕಾಲು ಕಿಲೊ ಏರಿತ್ತು. ಒಂಬತ್ತೂವರೆಗೆಲ್ಲ ನಿದ್ರೆಯಂತೆ. ಮೊಬೈಲ್ ಕೇಳುವುದು ನಿಂತಿದೆಯೇ ಎಂದೆ. 'ನಿಂತಿಲ್ಲ. ದಿನಾ ಕೇಳ್ತಾನೆ' ಎಂದರು. ಆಮೇಲೆ ಸ್ವಲ್ಪ ಅನುಮಾನಿಸುತ್ತಾ, 'ಮೊನ್ನೆ ಕೊಡಲ್ಲ ಅಂದಿದ್ದಕ್ಕೆ ನನ್ನ ಮುಖ ನೋಡಿ, ನಂಗೆ ಸಿಟ್ಟು ಬಂದೈತೆ ಅಂತ ಹೇಳಿ, ಹಿತ್ತಲಿಗೆ ಹೋಗಿ ಬಾಳೆಗಿಡಕ್ಕೆ ನಾಲ್ಕು ಗುದ್ದಿ ವಾಪಸ್ ಬಂದ. ಇದು ಒಳ್ಳೇದೋ ಕೆಟ್ಟದ್ದೋ ಡಾಕ್ಟ್ರೇ?' ಎಂದು ಕೇಳಿದರು.

ಬಾಳೆಗಿಡಕ್ಕೇನೂ ಆಗುವುದಿಲ್ಲ, ಗುದ್ದಲಿ ಬಿಡಿ ಎಂದೆ.